ಕಳೆದುಳಿದ ಕೊಬ್ಬು

ಕೊಲೆಸ್ಟ್ರಾಲ್ ರಕ್ತದಲ್ಲಿ ಕರಗಲಾರದಾದುದರಿಂದ ಅದನ್ನು ಪ್ರೋಟೀನಿನ ಹೊದಿಕೆಯುಳ್ಳ ಕಣಗಳು ಹೊತ್ತು ಸಾಗಿಸುತ್ತವೆ. ಇವುಗಳಲ್ಲಿ ಸಾಂದ್ರತೆ ಕಡಿಮೆಯಿದ್ದು, ಹೆಚ್ಚಾದಾಗ ಅಪಧಮನಿಯ ಗೋಡೆಯೊಳಗೆ ಸೇರಿಕೊಳ್ಳುವ ಬಗೆಯೇ ಎಲ್‌ಡಿಎಲ್. ಇಷ್ಟು ಕುಖ್ಯಾತವಾದ ಈ ವಸ್ತುವನ್ನು ಅನೇಕ ಪ್ರಯೋಗಾಲಯಗಳು ನೇರವಾಗಿ ಅಳೆಯುವುದೇ ಇಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದ ಪ್ರಕಾರ, ಒಟ್ಟು ಕೊಲೆಸ್ಟ್ರಾಲಿನಿಂದ, ಸಾಂದ್ರತೆ ಹೆಚ್ಚಿರುವ ಬಗೆಯಾದ ಎಚ್‌ಡಿಎಲ್ಲನ್ನೂ, ಟ್ರೈಗ್ಲಿಸರೈಡ್ ಎಂಬ ಮತ್ತೊಂದು ಕೊಬ್ಬಿನ ಐದನೆಯ ಒಂದು ಪಾಲನ್ನೂ ಕಳೆದು ಉಳಿದದ್ದೇ ಎಲ್‌ಡಿಎಲ್. ಸಂಬಳದಲ್ಲಿ ಬಾಡಿಗೆ, ಹಾಲಿನ ಬಾಕಿ ಕಳೆದು ಉಳಿದದ್ದನ್ನು ಉಳಿತಾಯವೆನ್ನುವ ಗೃಹಸ್ಥರ ಶಾಸ್ತ್ರವೇ ಇದು.

ಈ ಸೂತ್ರವು ಪ್ರಸ್ತುತ ಲೇಖಕರ ಕೈಗೆ ಸಿಕ್ಕಿದ್ದು ವೈದ್ಯಶಾಸ್ತ್ರಕ್ಕೆ ಒದಗಿದ ಸಣ್ಣ ವಿಪತ್ತೆನ್ನಬೇಕು. ವರದಿಯಲ್ಲಿ ಒಟ್ಟು 212, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 190, ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 190ರ ಐದನೆಯ ಪಾಲು 38 ಆದುದರಿಂದ ಎಲ್‌ಡಿಎಲ್ 130, ಅಂದರೆ 129ಕ್ಕೆ ಮುಗಿಯುವ ಸಮಾಧಾನದ ಸಾಲಿನಿಂದ ಒಂದೇ ಒಂದು ಅಂಕೆಯಷ್ಟು ಆಚೆ ಬಿದ್ದು, ದಪ್ಪಕ್ಷರವನ್ನೂ ಪಕ್ಕದಲ್ಲೊಂದು ನಕ್ಷತ್ರವನ್ನೂ ಸಂಪಾದಿಸಿಕೊಂಡ 130. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲು ಹಿಡಿದು ಕೂಡುತ್ತ ಕಳೆಯುತ್ತ ಕುಳಿತ ಲೇಖಕರಿಗೆ, ಟ್ರೈಗ್ಲಿಸರೈಡ್ 195 ಆಗಿದ್ದರೆ ಕಳೆಯಬೇಕಾದದ್ದು 39 ಆಗಿ, ಎಲ್‌ಡಿಎಲ್ ತಾನಾಗಿಯೇ 129ಕ್ಕೆ ಇಳಿಯುತ್ತಿತ್ತೆಂಬುದು ಹೊಳೆಯಿತು. ಸಿಹಿ ಹೆಚ್ಚಾದರೆ ಟ್ರೈಗ್ಲಿಸರೈಡ್ ಏರುವುದು ಸರ್ವವಿದಿತವಾದುದರಿಂದ, ಪರೀಕ್ಷೆಗೆ ಮೊದಲು ಬೇಳೆ ಹೋಳಿಗೆಯನ್ನು ತುಪ್ಪದ ಸಮೇತ ನಿರಾಕರಿಸಿದ್ದೇ ಈ ನಕ್ಷತ್ರಕ್ಕೆ ಮೂಲಕಾರಣವೆಂಬ ಸಿದ್ಧಾಂತವು ಕೂಡಲೇ ಅಡುಗೆಮನೆಯ ಬಾಗಿಲಲ್ಲಿ ಮಂಡನೆಯಾಯಿತು.

“ಅದು ಏರೋವಾಗ ನಿಮ್ಮ 212 ಅಲ್ಲೇ ಕೂತಿರತ್ತೇನ್ರೀ?” ಎಂದು ಒಗ್ಗರಣೆಯಿಂದ ತಲೆಯೆತ್ತದೆ ಪತ್ನಿ ಕೇಳಿದ ಪ್ರಶ್ನೆಗೆ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರವೇ ಕೈಕೊಡುತ್ತದೆಂಬುದನ್ನು ಆಕೆಗೆ ತಿಳಿಸುವ ಅಗತ್ಯವೂ ಕಾಣಲಿಲ್ಲ.

ವೈದ್ಯರಾದರೋ 130ರ ಮೇಲೆ ಒಮ್ಮೆ ಕಣ್ಣಾಡಿಸಿ, ರಕ್ತದೊತ್ತಡ, ಸಕ್ಕರೆ, ಸಿಗರೇಟುಗಳನ್ನು ವಿಚಾರಿಸಿ, ತಂದೆಗೆ ಹೃದಯಾಘಾತವಾದಾಗ ವಯಸ್ಸೆಷ್ಟೆಂದು ಕೇಳಿದರು. ಒಬ್ಬರಿಗೆ ನಡಿಗೆ, ಪಥ್ಯಗಳಲ್ಲೇ ಮುಗಿಯಬಹುದಾದ ಅಂಕೆಯು, ಒಮ್ಮೆ ಹೃದಯಾಘಾತವಾಗಿ 70ಕ್ಕಿಂತಲೂ ಕೆಳಗಿರಬೇಕಾದ ಇನ್ನೊಬ್ಬರಿಗೆ ಅಪಾಯದ್ದಾಗುತ್ತದೆ. ಎಲ್‌ಡಿಎಲ್ಲೇ 190 ಮುಟ್ಟಿದರೆ ಮನೆತನದಲ್ಲೇ ಹರಿದುಬಂದ ದೋಷವನ್ನು ಶಂಕಿಸಬೇಕಾಗುತ್ತದೆ. ತಂದೆಯ ವಯಸ್ಸು 52 ಎಂಬ ಉತ್ತರ ಬಂದಾಗ, ಗಂಡಸರಲ್ಲಿ 55ಕ್ಕೆ ಮೊದಲಿನದನ್ನು ಅಕಾಲವೆಂದು ಎಣಿಸುವ ವೈದ್ಯರು ಮತ್ತೇನೂ ಹೇಳದೆ ಸ್ಟ್ಯಾಟಿನ್ ಬರೆದರು; ಇದು ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುವ ಮಾತ್ರೆ. ಈ ಮಾತ್ರೆಯ ಹೆಸರೆತ್ತಿದೊಡನೆ ಹಸಿ ಬೆಳ್ಳುಳ್ಳಿಯೊಂದೇ ಸಾಕೆಂದು ಬೋಧಿಸುವ ಪಾರ್ಕಿನ ಹಿತೈಷಿಗಳು, ಅವರವರ ಎಲ್‌ಡಿಎಲ್ ಎಷ್ಟೆಂದು ಕೇಳಿದರೆ ಮಾತ್ರ ನಡಿಗೆಯ ವೇಗವನ್ನು ಗಮನಾರ್ಹವಾಗಿ ಹೆಚ್ಚಿಸಿಕೊಳ್ಳುತ್ತಾರೆ.