ಪಾರಿವಾಳದ ಬಂಗಲೆ

ಹಳ್ಳಿಯ ಜನ ಮಣ್ಣುಗೋಡೆಯ ಹುಲ್ಲು ಗುಡಿಸಲಲ್ಲಿ ಮುದುಡಿ ಮಲಗುತ್ತಿದ್ದ ಕಾಲದಲ್ಲಿ ಅದೇ ಹಳ್ಳಿಯ ಪಾರಿವಾಳಗಳು ಮೂರಡಿಗೂ ಮಿಕ್ಕ ದಪ್ಪದ ಕಲ್ಲುಗೋಡೆಯೊಳಗೆ ಬೆಚ್ಚಗಿದ್ದವು. ಇದು ಕೊಡಗಿನ ಮಾತಲ್ಲ, ಇಂಗ್ಲೆಂಡಿನದು. ವೇಲ್ಸ್ ಗಡಿಯ ಹತ್ತಿರ ಗಾರ್ವೆ ಅಂತೊಂದು ಹಳ್ಳಿ. ಅಲ್ಲಿಯ ಚರ್ಚಿನ ಪಕ್ಕದಲ್ಲಿ 1326ರಲ್ಲಿ ಕಟ್ಟಿದ ಪಾರಿವಾಳದ ಮನೆಯೊಂದು ಇವತ್ತಿಗೂ ಜಗ್ಗದೆ ನಿಂತಿದೆ. ದುಂಡನೆಯ ಕಲ್ಲುಕಟ್ಟಡ; ಒಳಗೋಡೆಯ ತುಂಬ ಸಾಲುಸಾಲಾಗಿ 666 ಗೂಡು. ಆಗ ಆ ಜಾಗ ಹಾಸ್ಪಿಟಲರ್ ಎಂಬ ಯೋಧ ಸನ್ಯಾಸಿಗಳ ಕೈಯಲ್ಲಿತ್ತು. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ 666 ಅಂದರೆ ಘೋರ ಮೃಗದ ಸಂಖ್ಯೆ. ಪೂಜೆ ಪ್ರಾರ್ಥನೆ ಬಲ್ಲ ಅಷ್ಟು ಜನರಲ್ಲಿ ಒಬ್ಬರಿಗಾದರೂ ಇನ್ನೊಂದೇ ಒಂದು ಗೂಡು ಕೊರೆದು ಲೆಕ್ಕ ತಪ್ಪಿಸುವ ಬುದ್ಧಿ ಬರಲಿಲ್ಲ. ಗಾರೆಯವರು ಕೂಲಿ ಜಾಸ್ತಿ ಕೇಳಿರಬೇಕು.

ಕೊಡಗಿನ ನಮ್ಮ ಅಮ್ಮತ್ತಿಯ ಮಳೆಗಾಲ ಇಂಥ ಉಪಯೋಗವಿಲ್ಲದ ಓದಿಗೆ ಹೇಳಿ ಮಾಡಿಸಿದ್ದು. ಜೂನಿನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಮನುಷ್ಯ ಯಾವ ದೇಶದ ಯಾವ ಗೂಡಿನ ಬಗ್ಗೆ ಬೇಕಾದರೂ ಪಂಡಿತನಾಗಬಹುದು. ಹಾಗೆ ಕೂತು ಚಿತ್ರ ನೋಡುತ್ತಿದ್ದಾಗ ಪಕ್ಕದ ತೋಟದ ಮಾವ ಕೊಡೆ ಕೊಡವಿ ಒಳಗೆ ಬಂದರು. ಕನ್ನಡಕ ಏರಿಸಿ ನೋಡಿ, "ಇದೇನು, ಮೆಣಸು ತುಂಬಿಡುವ ಉಗ್ರಾಣವಾ?" ಎಂದರು. ಪಾರಿವಾಳದ ಮನೆ ಎಂದೆ. ಮಾವ ಇನ್ನೊಮ್ಮೆ ನೋಡಿದರು. "ಇಷ್ಟು ಕಲ್ಲು ಸಿಕ್ಕಿದ್ದರೆ ನಮ್ಮ ಐನ್‌ಮನೆಯ ಪಾಗಾರ ಬೀಳುತ್ತಲೇ ಇರಲಿಲ್ಲ."

ಮಾವ ಹೇಳಿದ್ದರಲ್ಲಿ ನ್ಯಾಯವಿದೆ. ಕುಟುಂಬದ ಮೂಲಮನೆಗಳಾದ ನಮ್ಮ ಐನ್‌ಮನೆಗಳಲ್ಲಿ ಎಲ್ಲರಿಗೂ ಜಾಗವುಂಟು. ಬಂದವರು ಕೂರಲು ಕೈಯಾಲೆಯಲ್ಲಿ ಐಮರ, ಭತ್ತಕ್ಕೆ ಪತ್ತಾಯ, ದನಕ್ಕೆ ಕೊಟ್ಟಿಗೆ, ತೀರಿಕೊಂಡ ಕಾರಣವರಿಗೂ ಹೊರಗೆ ಒಂದು ಕೈಮಡ. ಪಾರಿವಾಳಕ್ಕೆ ಮಾತ್ರ ಯಾರೂ ಅಳತೆ ಹಾಕಿಲ್ಲ. ಅಮ್ಮತ್ತಿಯಿಂದ ಒಂಟಿಯಂಗಡಿಯವರೆಗೆ ನಡೆದರೂ ನನ್ನ ಕಣ್ಣಿಗೆ ಬೀಳುವುದು ಕಾಫಿ ಗಿಡದಡಿಯ ತರಗೆಲೆಯಲ್ಲಿ ಕಾಳು ಹೆಕ್ಕುವ ಹಸಿರು ರೆಕ್ಕೆಯ ಕಾಡುಪಾರಿವಾಳ. ಅದು ಮನುಷ್ಯನ ಮನೆಯ ಆಸೆಯನ್ನೇ ಇಟ್ಟುಕೊಂಡದ್ದಲ್ಲ. ಊರುಪಾರಿವಾಳದ ಜಾತಿಯೇ ಬೇರೆ. ಅದು ಮೂಲತಃ ಬಂಡೆಯ ಸಂದಿನಲ್ಲಿ ಮೊಟ್ಟೆಯಿಡುವ ಹಕ್ಕಿ. ಅದಕ್ಕೆ ಬೇಕಾದದ್ದು ಮರವಲ್ಲ, ಕಲ್ಲಿನಲ್ಲೊಂದು ಕತ್ತಲೆಯ ತೂತು. ಇದನ್ನು ಕಂಡುಕೊಂಡವನು ಕೃತಕವಾಗಿ ಒಂದು ಬಂಡೆ ಕಟ್ಟಿ ಕೊಟ್ಟ. ಅಷ್ಟೇ ಗುಟ್ಟು.

ಆದರೆ ಆ ಗುಟ್ಟಿನ ಮೇಲೆ ಕಟ್ಟಿದ ಕುಶಲತೆ ನೋಡಬೇಕು. ಮನೆ ದುಂಡಗೆ ಏಕೆ? ವಾರಿಕ್‌ಶೈರಿನ ಕಿನ್ವಾರ್ಟನ್ ಎಂಬಲ್ಲಿ ಹದಿನಾಲ್ಕನೆಯ ಶತಮಾನದ ಇನ್ನೊಂದು ಪಾರಿವಾಳದ ಮನೆ ಇದೆ. ಉತ್ತರ ಅದರ ಒಳಗಿದೆ. ನಡುಮಧ್ಯೆ ನೆಲದಿಂದ ಮಾಡಿನವರೆಗೆ ಒಂದು ಮರದ ಕಂಬ. ಕಂಬ ನಿಂತಲ್ಲೇ ತಿರುಗುತ್ತದೆ. ಅದಕ್ಕೆ ಅಡ್ಡ ತೋಳು, ತೋಳಿನ ತುದಿಗೆ ಕಟ್ಟಿದ ಏಣಿ. ಏಣಿ ಹತ್ತಿದವನು ಗೋಡೆಯನ್ನು ಕೈಯಿಂದ ಮೆಲ್ಲಗೆ ತಳ್ಳಿದರೆ ಸಾಕು, ಮುಂದಿನ ಸಾಲಿನ ಗೂಡುಗಳು ಎದುರಿಗೆ ಬರುತ್ತವೆ. ಕೆಳಗಿಳಿಯುವುದು, ಏಣಿ ಎತ್ತುವುದು, ಮತ್ತೆ ಹತ್ತುವುದು ಏನೂ ಬೇಡ. ಮನೆ ಚೌಕವಾಗಿದ್ದಿದ್ದರೆ ಏಣಿ ಗೋಡೆಯ ನಡುಭಾಗಕ್ಕೆ ತಾಗುತ್ತಿತ್ತು, ಮೂಲೆಗೆ ಎಟುಕುತ್ತಿರಲಿಲ್ಲ. ಮೆಣಸು ಕೊಯ್ಲಿನ ಕಾಲದಲ್ಲಿ ಬಿದಿರಿನ ಏಣಿಯನ್ನು ಹೆಗಲಿಗೇರಿಸಿ ಮರದಿಂದ ಮರಕ್ಕೆ ಹೋಗುವವರನ್ನು ಕಂಡಾಗಲೆಲ್ಲ ನನಗೆ ಈ ಕಂಬದ ನೆನಪಾಗುತ್ತದೆ. ತೋಟವನ್ನೇ ದುಂಡಗೆ ನೆಡಬೇಕಿತ್ತು.

ಇನ್ನು ಗೂಡು. ಎಷ್ಟೋ ಕಡೆ ಅದನ್ನು ನೇರವಾಗಿ ಕೊರೆಯದೆ ಒಳಗೆ ಹೋಗಿ ಪಕ್ಕಕ್ಕೆ ತಿರುಗುವ ಹಾಗೆ ಕಟ್ಟಿದ್ದಾರೆ. ತಾಯಿ ಹಕ್ಕಿಗೆ ಮರೆ, ಮರಿಗಳಿಗೆ ಕತ್ತಲೆ. ಸ್ಕಾಟ್ಲೆಂಡಿನ ಮನೆಗಳಲ್ಲಿ ಹೊರಗೋಡೆಯ ಸುತ್ತ ಅಲ್ಲಲ್ಲಿ ಕಲ್ಲಿನ ಅಂಚು ಉಬ್ಬಿಕೊಂಡಿರುತ್ತದೆ. ಅಂದಕ್ಕಾಗಿ ಅಲ್ಲ; ಗೋಡೆ ಹತ್ತುವ ಇಲಿ ಆ ಅಂಚಿನಡಿಗೆ ಬಂದು ತಲೆ ಎತ್ತಿ ನೋಡಿ, ವಾಪಸು ಹೋಗಬೇಕು. ಮಾಡಿನ ನೆತ್ತಿಯಲ್ಲಿ ಪಾರಿವಾಳ ನುಸುಳುವ ಗವಾಕ್ಷಿ. ಮನುಷ್ಯನಿಗೆ ಮಾತ್ರ ಸೊಂಟ ಬಗ್ಗಿಸಿ ಹೋಗುವಂಥ ಗಿಡ್ಡ ಬಾಗಿಲು. ಪಾರಿವಾಳದ ಮುಂದೆ ಮನುಷ್ಯ ತಲೆ ತಗ್ಗಿಸಿಯೇ ಒಳಗೆ ಹೋಗಬೇಕಿತ್ತು ಎಂದು ನಾನು ಮಾವನಿಗೆ ವರ್ಣಿಸಿ ಹೇಳಿದೆ.

"ತಲೆ ತಗ್ಗಿಸಿ ಹೋಗಿ ಏನು ಮಾಡುತ್ತಿದ್ದರು?" ಎಂದರು ಮಾವ.

ಅಡುಗೆಗೆ ತರುತ್ತಿದ್ದರು. ಪಾರಿವಾಳದ ಜೋಡಿ ಒಂದು ಸಲಕ್ಕೆ ಎರಡು ಮೊಟ್ಟೆಯಿಟ್ಟು, ಗಂಡೂ ಹೆಣ್ಣೂ ಸೇರಿ ತಮ್ಮ ಗಂಟಲಚೀಲದಲ್ಲಿ ಊರುವ ಹಾಲಿನಂಥದ್ದನ್ನು ಕುಡಿಸಿ ಮರಿ ಸಾಕುತ್ತವೆ. ನಾಲ್ಕು ವಾರ ಆಗುವಷ್ಟರಲ್ಲಿ ಮರಿ ದುಂಡಗಾಗಿರುತ್ತದೆ, ಆದರೆ ರೆಕ್ಕೆಗೆ ಇನ್ನೂ ಹಾರುವ ಕಸುವಿರುವುದಿಲ್ಲ. ಏಣಿ ತಿರುಗುತ್ತಿದ್ದದ್ದು ಆವಾಗ. ತಾಯಿ ತಂದೆಗಳು ಸಂಜೆ ಬಂದು ನೋಡಿ, ಕೆಲವು ದಿನಕ್ಕೆ ಮತ್ತೆ ಎರಡು ಮೊಟ್ಟೆಯಿಡುತ್ತಿದ್ದವು. ಹಕ್ಕಿಯನ್ನು ಹಿಡಿದಿಡಲು ಬೀಗವಿಲ್ಲ, ಬಲೆಯಿಲ್ಲ, ಕಾವಲಿಲ್ಲ. ಅಷ್ಟು ಗಟ್ಟಿ ಕಲ್ಲಿನ ಮನೆಯನ್ನು ಅಷ್ಟು ಪ್ರೀತಿಯಿಂದ ಕಟ್ಟಿದವರಿಗೆ ಹಕ್ಕಿಯ ಮೇಲೆ ಪ್ರೀತಿ ಇರಲಿಲ್ಲ ಎನ್ನಲಾರೆ. ಹಂದಿ ಸಾಕುವವರಿಗೂ ಪ್ರೀತಿ ಇರುತ್ತದಲ್ಲ! ಪಂದಿಕರಿ ಉಣ್ಣುವ ನಾಡಿನಲ್ಲಿ ಕೂತು ಬೇರೆಯವರ ಊಟದ ಬಗ್ಗೆ ಮಾತು ಬೆಳೆಸುವುದು ಬೇಡವೆನಿಸಿತು.

ಮಾವನ ಕುತೂಹಲ ಬೇರೆ ಕಡೆಗಿತ್ತು. "ಇಷ್ಟು ಹಕ್ಕಿಗೆ ಕಾಳು ಹಾಕುವುದು ಯಾರು?"

ಅದೇ ಇಡೀ ಕಥೆಯ ಸ್ವಾರಸ್ಯ. ವರ್ಷದ ಹೆಚ್ಚಿನ ದಿನ ಯಾರೂ ಹಾಕುತ್ತಿರಲಿಲ್ಲ. ಪಾರಿವಾಳ ಬೆಳಿಗ್ಗೆ ಹೊರಟು ಸುತ್ತಲಿನ ರೈತರ ಹೊಲದಲ್ಲಿ ತಿಂದು, ಸಂಜೆ ಧಣಿಯ ಮನೆಗೆ ಮರಳುತ್ತಿತ್ತು. ಫ್ರಾನ್ಸಿನ ಹಲವು ಸೀಮೆಗಳಲ್ಲಿ, ಅದರಲ್ಲೂ ನಾರ್ಮಂಡಿಯಲ್ಲಿ, ನೆಲದಿಂದ ನೆತ್ತಿಯವರೆಗೆ ಗೂಡಿರುವ ಗೋಪುರ ಕಟ್ಟುವ ಹಕ್ಕು ಜಮೀನ್ದಾರರಿಗೆ ಮಾತ್ರ. ಬಿತ್ತಿದ ಕಾಳನ್ನು ಕಣ್ಣೆದುರೇ ಹೆಕ್ಕಿದರೂ ರೈತ ಧಣಿಯ ಹಕ್ಕಿಯನ್ನು ಕೊಲ್ಲುವ ಹಾಗಿರಲಿಲ್ಲ. ಓಡಿಸಬಹುದಿತ್ತು. ಅದು ಪಕ್ಕದ ಹೊಲಕ್ಕೆ ಹೋಗುತ್ತಿತ್ತು.

ಇದನ್ನು ಅಮ್ಮತ್ತಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ರಾತ್ರಿ ಕಾಡಿನಿಂದ ಬಂದು ಹಲಸು ತಿಂದು, ಬಾಳೆ ಸೀಳಿ, ಕಾಫಿ ಗಿಡ ಮುರಿದು, ಬೆಳಗಾಗುವ ಮೊದಲು ಯಾರದೋ ತೋಟದ ಮರೆಗೆ ಸರಿದು ನಿಲ್ಲುವವರು ಇದ್ದಾರೆ. ಕೊಡವರ ಮನೆಯಲ್ಲಿ ಕೋವಿಯುಂಟು; ಲೈಸೆನ್ಸ್ ಬೇಡವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ. ಆನೆ ಬಂದ ರಾತ್ರಿ ಅದೇ ಕೋವಿ ಗೋಡೆಯಲ್ಲಿ ತೂಗುತ್ತಿರುತ್ತದೆ, ನಾವು ಪಟಾಕಿ ಹುಡುಕುತ್ತಿರುತ್ತೇವೆ. ಕಂದಕ ತೋಡಿಸಿದ್ದಾಯಿತು, ಸೋಲಾರ್ ಬೇಲಿ ಎಳೆದದ್ದಾಯಿತು, ಹಳೆಯ ರೈಲು ಕಂಬಿ ನೆಟ್ಟದ್ದಾಯಿತು. ಓಡಿಸಿದರೆ ಪಕ್ಕದ ತೋಟಕ್ಕೆ ಹೋಗುತ್ತದೆ. ಪಕ್ಕದ ತೋಟ ಅಂದರೆ ಮಾವನದು.

ಫ್ರಾನ್ಸಿನವರು ಏನು ಮಾಡಿದರು ಎಂದು ಹೇಳುವಾಗ ಮಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕ್ರಾಂತಿಯ ವರ್ಷ, 1789ರ ಆಗಸ್ಟ್ 4ರ ರಾತ್ರಿ ಅಲ್ಲಿಯ ಸಭೆ ಜಮೀನ್ದಾರರ ಹಕ್ಕುಗಳನ್ನು ಒಂದೊಂದಾಗಿ ಕಿತ್ತು ಹಾಕಿತು. ಪಾರಿವಾಳದ ಮನೆಯ ಹಕ್ಕು ಆ ಪಟ್ಟಿಯಲ್ಲಿ ಎರಡನೆಯದೇ. ಇನ್ನು ಮುಂದೆ ಊರಿನವರು ಗೊತ್ತುಮಾಡಿದ ಕಾಲದಲ್ಲಿ ಪಾರಿವಾಳಗಳನ್ನು ಕೂಡಿಹಾಕಬೇಕು. ಆ ಕಾಲದಲ್ಲಿ ಹೊರಗೆ ಸಿಕ್ಕಿದ್ದು ಬೇಟೆಯ ಲೆಕ್ಕ, ಯಾರು ಬೇಕಾದರೂ ತಮ್ಮ ಜಮೀನಿನಲ್ಲಿ ಹೊಡೆಯಬಹುದು. ರಾಜನ ತಲೆ ಹೋಗಲು ಇನ್ನೂ ಮೂರು ವರ್ಷಕ್ಕೂ ಹೆಚ್ಚು ಕಾಲವಿತ್ತು. ಪಾರಿವಾಳದ ಸರದಿ ಮೊದಲು ಬಂತು.

"ನೋಡು ಮೋನೇ, ಜನರಿಗೆ ಯಾವುದು ಮೊದಲು ಅಂತ ಗೊತ್ತಿತ್ತು," ಎಂದರು ಮಾವ.

ಆನೆಗೆ ಧಣಿಯಿಲ್ಲ, ಅದು ಯಾರ ಅಡುಗೆಮನೆಗೂ ಲಾಭ ಹೊತ್ತು ತರುವುದಿಲ್ಲ, ಅಲ್ಲದೆ ಅದರ ದಾರಿಯಲ್ಲಿ ತೋಟ ಮಾಡಿಕೊಂಡವರು ನಾವು ಎಂದು ನಾನು ಆನೆಯ ಪರವಾಗಿ ವಾದ ಹೂಡಿದೆ. ಮಾವ ಅದನ್ನೆಲ್ಲ ಒಪ್ಪಿದರು. "ಆದರೆ ಆ ಹಲಸು ನನ್ನಜ್ಜ ನೆಟ್ಟದ್ದು," ಎಂದರು. ನನ್ನ ವಾದಕ್ಕೆ ಅದು ಉತ್ತರವಲ್ಲ. ಆದರೂ ಮುಂದೆ ಮಾತಾಡಲು ನನಗೆ ಏನೂ ಉಳಿಯಲಿಲ್ಲ.

ಹಕ್ಕಿಯಿಂದ ಮಾಂಸ ಬೇಡ, ಹಿಕ್ಕೆ ಸಾಕು ಎಂದವರೂ ಇದ್ದಾರೆ. ಇರಾನಿನ ಇಸ್ಫಹಾನಿನ ಸುತ್ತ ಇಟ್ಟಿಗೆಯ ದೊಡ್ಡ ದೊಡ್ಡ ಪಾರಿವಾಳ ಗೋಪುರಗಳಿವೆ. ಹದಿನೇಳನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಶಾರ್ದಾಂ ಎಂಬ ಫ್ರೆಂಚ್ ಪ್ರವಾಸಿ ಅವು 3000ಕ್ಕೂ ಹೆಚ್ಚಿವೆ ಎಂದು ಅಂದಾಜು ಮಾಡಿದ್ದ. ಒಳಗೆ ಬಿದ್ದ ಹಿಕ್ಕೆಯನ್ನು ಕೆರೆದು ಕರಬೂಜದ ಹೊಲಕ್ಕೆ ಹಾಕುತ್ತಿದ್ದರು. ಇದನ್ನು ಓದಿದ ಮೇಲೆ ನನಗೆ ನಮ್ಮ ತೋಟದ ಆನೆಲದ್ದಿಯ ಮೇಲೆ ಗೌರವ ಬಂದಿದೆ. ಅದರಲ್ಲಿ ಕಾಫಿ ಬೀಜ ಸಿಗುವುದು ಇಲ್ಲಿ ಯಾರಿಗೂ ಹೊಸದಲ್ಲ. ಥಾಯ್ಲೆಂಡಿನಲ್ಲಿ ಅಂಥದ್ದನ್ನೇ ತೊಳೆದು ಹುರಿದು ಬಂಗಾರದ ಬೆಲೆಗೆ ಮಾರುತ್ತಾರೆ. ನಾವು ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತೇವೆ.

ಕರ್ನಾಟಕದಲ್ಲಿ ಪಾರಿವಾಳದ ಮನೆ ಬೇಕೆಂದರೆ ನಾನು ವಿಜಯಪುರಕ್ಕೆ ಹೋಗಿ ಎನ್ನುತ್ತೇನೆ. ಗೋಳಗುಮ್ಮಟದ ನಾಲ್ಕು ಮೂಲೆಗೆ ನಾಲ್ಕು ಎಂಟುಮೂಲೆಯ ಗೋಪುರ, ಒಂದೊಂದಕ್ಕೂ ಏಳು ಅಂತಸ್ತು, ಅಂತಸ್ತಿಗೆಲ್ಲ ಕಮಾನುಕಿಂಡಿ. ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು ತನ್ನ ಸಮಾಧಿಗೆ. ಪಾರಿವಾಳಗಳಿಗೆ ಆ ವಿಷಯ ಯಾರೂ ತಿಳಿಸಿದ ಹಾಗಿಲ್ಲ. ನಮ್ಮ ದೇವಾಲಯದ ಶಿಲ್ಪಿಗಳಂತೂ ಅಧಿಷ್ಠಾನದಲ್ಲಿ ಬಾಗಿದ ಅಂಚಿನ ಒಂದು ಪಟ್ಟಿಯನ್ನು ಕಡೆದು ಅದಕ್ಕೆ ಕಪೋತ ಎಂದೇ ಹೆಸರಿಟ್ಟರು. ಆದರೆ ಅದರಲ್ಲಿ ಕೂರಲು ಮಾತ್ರ ಸಾಧ್ಯ, ಸಂಸಾರ ಹೂಡಲು ಆಗದು. ಕಪೋತದ ವಿಷಯದಲ್ಲಿ ನಮ್ಮ ಹಿರಿಯರ ಮನಸ್ಸು ಮೊದಲಿನಿಂದಲೂ ಎರಡು. ಶಿಬಿ ಅದಕ್ಕಾಗಿ ತನ್ನ ತೊಡೆಯ ಮಾಂಸ ಕೊಯ್ದು ಕೊಟ್ಟ. ಋಗ್ವೇದದಲ್ಲಿ ಅದು ಮನೆಯೊಳಗೆ ಬಂದರೆ ಅಪಶಕುನವೆಂದು ಓಡಿಸಲು ಒಂದು ಸೂಕ್ತವೇ ಇದೆ. ಅಕ್ಬರನಿಗೆ ಮಾತ್ರ ಸಂಶಯವಿರಲಿಲ್ಲ. ಅವನ ಬಳಿ 20,000ಕ್ಕೂ ಮಿಕ್ಕಿ ಪಾರಿವಾಳಗಳಿದ್ದವು, ಅವುಗಳಲ್ಲಿ 500 ಖಾಸಾ ದರ್ಜೆಯವು ಎಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿಟ್ಟಿದ್ದಾನೆ. ಹಾರಿಸಿ ಆಡಲಿಕ್ಕೆ, ತಿನ್ನಲಿಕ್ಕಲ್ಲ.

ಇಂಗ್ಲೆಂಡಿನ ಪಾರಿವಾಳದ ಮನೆಗಳ ಕಾಲವೂ ಮುಗಿಯಿತು. ಟರ್ನಿಪ್ ಗಡ್ಡೆ ಬೆಳೆದು ದನಕುರಿಗಳನ್ನು ಚಳಿಗಾಲ ಪೂರ್ತಿ ಮೇಯಿಸುವುದು ರೂಢಿಯಾದ ಮೇಲೆ ಪಾರಿವಾಳದ ಮರಿ ಯಾರಿಗೂ ಅಷ್ಟು ಬೇಕಾಗಲಿಲ್ಲ. ಹಲವು ಮನೆಗಳು ಬಿದ್ದವು, ಕೆಲವು ಸಾಮಾನು ಕೋಣೆಯಾದವು. ಕೆಲವಕ್ಕೆ ಹಾಸಿಗೆ ಹಾಕಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ.

ಈ ಕೊನೆಯ ಮಾತನ್ನು ನಾನು ಮೇಸ್ತ್ರಿಯೆದುರು ಆಡಬಾರದಿತ್ತು. ಮಳೆ ಬಿಟ್ಟ ಮೇಲೆ ಅವನನ್ನು ಕರೆಸಿ ಅಂಗಳದ ಮೂಲೆ ತೋರಿಸಿ, ಆಳೆತ್ತರದ್ದು ಒಂದು ದುಂಡು ಮನೆ, ನಲವತ್ತು ಗೂಡು, ನಡುವೆ ತಿರುಗುವ ಕಂಬ ಎಂದು ಕಾಗದದಲ್ಲಿ ಗೀಚಿ ವಿವರಿಸಿದ್ದೆ. ಬಾಗಿಲು ಎಲ್ಲಿ ಎಂದ. ಹಕ್ಕಿಗೆ ಮೇಲಿನಿಂದ ಎಂದೆ. ಬೀಗ? ಬೇಡ. ಮೇಸ್ತ್ರಿಗೆ ನನ್ನ ಬಗ್ಗೆ ಮರುಕ ಹುಟ್ಟಿದ್ದು ಮುಖದಲ್ಲೇ ಕಾಣುತ್ತಿತ್ತು. ಬಾಡಿಗೆಯ ಸುದ್ದಿ ಬಂದದ್ದೇ ತಡ, ಆ ಮರುಕ ಹಾರಿಹೋಯಿತು.

"ಸಾರ್, ಆಳೆತ್ತರ ಸಾಕಾಗೋದಿಲ್ಲ. ಎರಡು ಅಂತಸ್ತು ಹಾಕುವ. ಬೆಂಗಳೂರಿನವರಿಗೆ ದುಂಡು ಮನೆ ಅಂದರೆ ಇಷ್ಟ."

ಪಾರಿವಾಳ ಎಲ್ಲಿರಬೇಕು ಎಂದು ಕೇಳಿದೆ. ಮೇಲೆ ಬೇಕಾದಷ್ಟು ಜಾಗ ಉಂಟು, ಸಿಂಟೆಕ್ಸ್ ಟ್ಯಾಂಕಿನ ಪಕ್ಕ ಇರಲಿ ಎಂದ. ಆಮೇಲೆ ನನ್ನ ಕಾಗದವನ್ನು ಮಗುಚಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬಹಳ ಹೊತ್ತು ಯೋಚಿಸಿ, ಒಂದೇ ಒಂದು ತೊಂದರೆ ಉಂಟು ಎಂದ: ದುಂಡು ಗೋಡೆಗೆ ಒತ್ತಿಸಿ ಕಮೋಡು ಕೂರಿಸುವುದು ಹೇಗೆ?