ಬಿಸಿಲಿಗೂ ಒಂದು ಆಪ್

ಮೇ ತಿಂಗಳ ಸುಡುಬಿಸಿಲಲ್ಲೂ ಗುಲ್‌ಮೊಹರ್ ನಗುತ್ತಲೇ ಇರುತ್ತದೆ. ಬೆವರು ಸುರಿಯುವುದು ಕ್ಯಾಮೆರಾ ಹಿಡಿದವನಿಗೆ ಮಾತ್ರ. ಆ ಫೋಟೋ ನೋಡಿದವರು “ಆಹಾ, ಕಣ್ಣಿಗೆ ತಂಪು!” ಅಂದರೆ ಹೊಟ್ಟೆ ಉರಿಯದೆ ಇದ್ದೀತೆ?

ಆಗ ಆ ಬಿಸಿಲನ್ನು ಫೋಟೋದಲ್ಲೂ ತೋರಿಸಲು ಎಡಿಟಿಂಗ್ ಆಪೇ ಗತಿ. ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್‌ನಿಂದ 8000ಕ್ಕೆ ಏರಿಸಿ. ಹಸಿರೆಲೆಗೂ ಹಳದಿ ಕಳೆ. ತಮಾಷೆಯೆಂದರೆ, ನಿಜವಾದ 8000 ಕೆಲ್ವಿನ್ ಬೆಳಕು ನೀಲಿಗೆ ತಿರುಗಿರುತ್ತದೆ. ಆ ನೀಲಿಯನ್ನು ಸರಿದೂಗಿಸಲೆಂದೇ ಆಪ್ ಹಳದಿ ಸುರಿಯುವುದು. ಹೈಲೈಟ್ಸ್ ಹೆಚ್ಚಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ. ಹಿನ್ನೆಲೆಯನ್ನು ಅಲೆಯಲೆಯಾಗಿ ಕದಡಿದರೆ ಝಳವೂ ಸಿದ್ಧ. ಕೆಂಪನ್ನು ಇನ್ನೂ ಎಳೆದಿರೋ, ಹೂವು ಹೋಗಿ ಬ್ಯಾಡಗಿ ಮೆಣಸಿನಕಾಯಿ ರಾಶಿ!

ಅಂಥದ್ದೊಂದು ಚಿತ್ರ ನೋಡಿ ನಮ್ಮಜ್ಜಿ ಹಲುಬಿದರು: “ಇಂಥಾ ಬಿಸಿಲು ದಂಡವಾಯ್ತಲ್ಲೋ, ಸಂಡಿಗೆನಾದ್ರೂ ಇಡಬಹುದಿತ್ತು!”