ಹಾಲುಕ್ಕಿಸುವ ದಿನದಿಂದ ಹಿಂದಕ್ಕೆ

ನಿರ್ಮಾಣ ನಿರ್ವಹಣೆಯೆಂದರೆ ಕಟ್ಟಡದ ಕೆಲಸವನ್ನು ಹೇಳಿದ ದಿನಕ್ಕೆ, ಒಪ್ಪಿದ ಹಣದೊಳಗೆ, ಮೆಚ್ಚತಕ್ಕ ಗುಣಮಟ್ಟದಲ್ಲಿ ಮುಗಿಸುವ ಶಾಸ್ತ್ರವಾಗಿದ್ದು, ಈ ಮೂರನ್ನೂ ಒಂದೇ ಕಟ್ಟಡದಲ್ಲಿ ಕಂಡವರು ವಿರಳವಾದ ಕಾರಣ ಅದು ಪುಸ್ತಕಗಳಲ್ಲಿಯೇ ಹೆಚ್ಚು ಸಮೃದ್ಧವಾಗಿ ಬೆಳೆದಿದೆ. ಕರ್ನಾಟಕದಲ್ಲಿ ಇದನ್ನು ಬಹುಮಟ್ಟಿಗೆ ಸಿವಿಲ್ ಎಂಜಿನಿಯರಿಂಗ್ ಪದವಿಯ ಒಂದು ವಿಷಯವಾಗಿ ಓದುತ್ತಾರೆ; ಇನ್ನೂ ಆಸಕ್ತಿ ಉಳಿದವರಿಗೆ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಂಥಲ್ಲಿ ಸ್ನಾತಕೋತ್ತರ ವ್ಯಾಸಂಗವಿದೆ. ಶಿಕಾರಿಪುರ ತಾಲೂಕಿನ ಈಸೂರಿನ ವಿದ್ಯಾರ್ಥಿಗೆ ಹತ್ತಿರದ ದಾರಿ ಶಿವಮೊಗ್ಗದ್ದು. ಅಲ್ಲಿ 1980ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜಿದೆ. ಓದಿ ಬಂದವನಿಗೆ ಊರಿನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದು ಚದರಕ್ಕೆ ಈಗ ಎಷ್ಟಾಗುತ್ತದೆ ಎಂಬುದು. ಅವನು ಉತ್ತರಿಸುವ ಮೊದಲೇ ಪಕ್ಕದಲ್ಲಿದ್ದ ಮೇಸ್ತ್ರಿ ಉತ್ತರಿಸಿರುತ್ತಾನೆ.

ಪಠ್ಯದ ಆರಂಭದಲ್ಲಿ ಸಂಘಟನೆಯ ಅಧ್ಯಾಯ ಬರುತ್ತದೆ: ಯಾರು ಯಾರಿಗೆ ಆಜ್ಞೆ ಮಾಡಬೇಕು, ಯಾರು ಯಾರಿಗೆ ವರದಿ ಒಪ್ಪಿಸಬೇಕು ಎಂಬುದನ್ನು ಪೆಟ್ಟಿಗೆಗಳಲ್ಲಿ ಬರೆದು ಗೆರೆ ಎಳೆಯುವ ವಿದ್ಯೆ. 1942ರ ಚಲೇಜಾವ್ ಚಳವಳಿಯಲ್ಲಿ ತನ್ನದೇ ಸರ್ಕಾರವನ್ನು ಘೋಷಿಸಿಕೊಂಡು, ಎಳೆಯ ಹುಡುಗರನ್ನೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ ನೇಮಿಸಿ, ಮರುವರ್ಷ ಐವರನ್ನು ಗಲ್ಲಿಗೆ ಕೊಟ್ಟ ಈಸೂರಿಗೆ ಮೇಲಿನಿಂದ ಬಂದ ಆಜ್ಞೆಯ ಬಗ್ಗೆ ಪಾಠ ಹೇಳುವುದು ಸ್ವಲ್ಪ ಸಂಕೋಚದ ಕೆಲಸವೇ ಸರಿ. ಇಂದಿಗೂ ಪಾಯದ ಗೆರೆ ಹಾಕುವಾಗ ಎಂಜಿನಿಯರ್ ಒಂದು ಮಾತು ಹೇಳಿದರೆ, ಮನೆಯ ಹಿರಿಯರು, ವಾಸ್ತು ಬಲ್ಲ ನೆಂಟರು ಮತ್ತು ದಾರಿಯಲ್ಲಿ ಹೋಗುತ್ತಿದ್ದವರು ತಲಾ ಒಂದು ಹೇಳುತ್ತಾರೆ. ಪುಸ್ತಕದ ಚಿತ್ರದಲ್ಲಿ ಇವರಿಗೆ ಪೆಟ್ಟಿಗೆಯೇ ಇಲ್ಲ.

ಶಾಸ್ತ್ರದ ತಿರುಳಿರುವುದು ಕಾಲದ ಲೆಕ್ಕದಲ್ಲಿ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯು ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪಿಸಿದ ಪರ್ಟ್ ಎಂಬ ವಿಧಾನದಲ್ಲಿ ಪ್ರತಿ ಕೆಲಸಕ್ಕೂ ಮೂರು ಅವಧಿಗಳನ್ನು ಊಹಿಸಲಾಗುತ್ತದೆ: ಎಲ್ಲವೂ ಕೂಡಿಬಂದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೆಟ್ಟರೆ ಎಷ್ಟು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಗಿಲಾವಿಗೆ ಕ್ರಮವಾಗಿ 6, 9 ಮತ್ತು 18 ದಿನಗಳೆಂದು ಹಿಡಿದರೆ 10 ದಿನಗಳೆಂಬ ಉತ್ತರ ದೊರೆಯುತ್ತದೆ. ಈಸೂರಿನ ಮೇಸ್ತ್ರಿ ಕೊಡುವುದು ಒಂದೇ ಅವಧಿ, ಅದು ‘ಇನ್ನೆಂಟು ದಿನ’. ಅದು ಮೂರರಲ್ಲಿ ಯಾವುದೆಂದು ನಿರ್ಧರಿಸುವ ಸೂತ್ರವನ್ನು ಕ್ಷಿಪಣಿ ತಜ್ಞರು ಕೊಟ್ಟಿಲ್ಲ.

ಪರ್ಟಿನ ಸಮಕಾಲೀನವಾದ ಇನ್ನೊಂದು ವಿಧಾನದಲ್ಲಿ, ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸಗಳ ಅತಿ ಉದ್ದನೆಯ ಸರಪಣಿಯನ್ನು ನಿರ್ಣಾಯಕ ಪಥವೆಂದು ಕರೆದು, ಮೊದಲು ಆರಂಭದ ದಿನದಿಂದ ಮುಂದಕ್ಕೂ ಬಳಿಕ ಮುಕ್ತಾಯದ ದಿನದಿಂದ ಹಿಂದಕ್ಕೂ ಎಣಿಸುತ್ತಾರೆ. ಮುಂದಕ್ಕೆ ಎಣಿಸುವ ಪದ್ಧತಿಗೆ ಈಸೂರಿನಲ್ಲಿ ಉಪಯೋಗ ಕಡಿಮೆ, ಏಕೆಂದರೆ ಅಲ್ಲಿ ಮುಕ್ತಾಯದ ದಿನವನ್ನು, ಅಂದರೆ ಗೃಹಪ್ರವೇಶದ ದಿನವನ್ನು, ಪಂಚಾಂಗವು ಮೊದಲೇ ನಿರ್ಧರಿಸಿರುತ್ತದೆ. ಆಷಾಢ ಬರಕೂಡದು, ಧನುರ್ಮಾಸ ಬರಕೂಡದು, ಮಳೆಗಾಲದಲ್ಲಿ ನೆಂಟರು ಬರಲಾರರು. ಹೀಗೆ ಕಳೆದು ಉಳಿದ ವೈಶಾಖದ ಒಂದು ಬೆಳಗಿನಿಂದ ಎಲ್ಲವನ್ನೂ ಹಿಂದಕ್ಕೆ ಎಣಿಸಬೇಕು. ತಾರಸಿಯ ಕಾಂಕ್ರೀಟಿಗೆ ನೀರುಣಿಸಲು ಕನಿಷ್ಠ 7 ದಿನ ಬೇಕು. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಊರೆಗಂಬಗಳನ್ನು 14 ದಿನ ತೆಗೆಯುವಂತಿಲ್ಲ. ಪುರೋಹಿತರಾಗಲಿ ಆಹ್ವಾನ ಪತ್ರಿಕೆಯಾಗಲಿ ಈ ಅಂಕಿಗಳನ್ನು ಕಿರಿದುಗೊಳಿಸಲಾರವು. ಆದ್ದರಿಂದ ಕಿರಿದಾಗುವುದು ಪಥವೇ: ಸೂರು, ಮುಂಬಾಗಿಲು, ಹಾಲುಕ್ಕಿಸಲು ಒಲೆ ಮತ್ತು ಛಾಯಾಚಿತ್ರದಲ್ಲಿ ಬೀಳುವ ಮುಂಗೋಡೆಯ ಬಣ್ಣ ಇವಿಷ್ಟೇ ನಿರ್ಣಾಯಕವಾಗಿ ಉಳಿಯುತ್ತವೆ. ಕಿಟಕಿಯ ಬಾಗಿಲು, ಬಚ್ಚಲಿನ ಟೈಲ್ಸು, ಮಾಳಿಗೆಯ ಮೆಟ್ಟಿಲಿನ ಕಂಬಿ ಇವುಗಳಿಗೆ ಶಾಸ್ತ್ರವು ಫ್ಲೋಟ್ ಎನ್ನುವ ಸಡಿಲು ಸಮಯ, ಅಂದರೆ ಒಟ್ಟು ಕೆಲಸ ಕೆಡದಂತೆ ಎಷ್ಟು ತಡಮಾಡಬಹುದೋ ಅಷ್ಟು ದಿನ, ಧಾರಾಳವಾಗಿ ದೊರೆಯುತ್ತದೆ. ಕೆಲವು ಮೆಟ್ಟಿಲುಗಳ ವಿಷಯದಲ್ಲಿ ಈ ಸಮಯ ಎರಡನೆಯ ಮಗನ ಮದುವೆಯವರೆಗೂ ಹಬ್ಬಿರುವುದುಂಟು.

ಆಳುಗಳ ಹಂಚಿಕೆಯನ್ನು ಕುರಿತ ಅಧ್ಯಾಯವು ಕೆಲಸಗಾರರ ಸಂಖ್ಯೆ ದಿನದಿಂದ ದಿನಕ್ಕೆ ಏರಿಳಿಯದಂತೆ ನೋಡಿಕೊಳ್ಳಬೇಕೆನ್ನುತ್ತದೆ. ಈ ಅರೆಮಲೆನಾಡಿನಲ್ಲಿ ಭತ್ತದ ನಾಟಿ, ಮೆಕ್ಕೆಜೋಳದ ಮುರಿಯುವಿಕೆ ಮತ್ತು ಅಡಿಕೆ ಸುಲಿತ ಆ ಅಧ್ಯಾಯವನ್ನು ವರ್ಷಕ್ಕೆ ಮೂರು ಬಾರಿ ರದ್ದುಪಡಿಸುತ್ತವೆ.

ದಾಖಲೆಯ ಪಾಠಕ್ಕೆ ಮಾತ್ರ ತಾಲೂಕಿನೊಳಗೇ ಉತ್ತಮ ಮೇಲ್ಪಂಕ್ತಿಯಿದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವು ಕದಂಬ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ; ಆದರೆ ಶಾಸನ ಸಿದ್ಧವಾದದ್ದು ಐದನೆಯ ಶತಮಾನದಲ್ಲಿ, ಅವನ ಮಗ ಶಾಂತಿವರ್ಮನ ಕಾಲದಲ್ಲಿ. ಕಾಮಗಾರಿ ತಂದೆಯದು, ಮುಕ್ತಾಯ ವರದಿ ಮಗನದು. ಅದನ್ನು ರಚಿಸಿದ ಕವಿ ಕುಬ್ಜನು ಕಲ್ಲಿನ ಮೇಲೆ ತಾನೇ ಬರೆದನೆಂಬುದನ್ನು ನೆನೆದರೆ, ಮುಗಿದ ಕೆಲಸವನ್ನು ದಾಖಲಿಸುವ ಇಂದಿನ ಅಳತೆ ಪುಸ್ತಕದ ವಿಳಂಬವನ್ನು ಕ್ಷಮಿಸಬೇಕೆನಿಸುತ್ತದೆ.

ಕರಾರಿನ ಅಧ್ಯಾಯದಲ್ಲಿ ದೋಷ ಹೊಣೆಗಾರಿಕೆಯ ಅವಧಿಯೆಂಬುದೊಂದಿದೆ: ಕಟ್ಟಡ ಒಪ್ಪಿಸಿದ ಮೇಲೂ ನಿಗದಿತ ಕಾಲ ಗುತ್ತಿಗೆದಾರನ ಹಣದ ಒಂದು ಪಾಲನ್ನು ತಡೆಹಿಡಿದು, ಬಿರುಕು, ಸೋರಿಕೆ ಕಂಡರೆ ಅವನಿಂದಲೇ ಸರಿಪಡಿಸಿಕೊಳ್ಳುವ ಏರ್ಪಾಡು ಅದು. ವಿದ್ಯಾರ್ಥಿ ಇದನ್ನು ಒಂದಿಡೀ ಘಟಕವಾಗಿ ಓದಿ ಪರೀಕ್ಷೆ ಬರೆಯುತ್ತಾನೆ. ಈಸೂರಿನ ಮನೆಯೊಡೆಯ ಬಾಕಿ ಕೇಳಲು ಬಂದ ಮೇಸ್ತ್ರಿಗೆ ಕಾಫಿ ಕೊಟ್ಟು, ‘ಒಂದು ಮಳೆಗಾಲ ಕಳೀಲಿ ಮಾರಾಯ’ ಎಂದು ಮುಗಿಸುತ್ತಾನೆ. ಮೇಸ್ತ್ರಿಯೂ ಆ ಬಾಕಿಯನ್ನು ನಂಬಿಕೊಂಡಿರದೆ, ಮುಂದಿನ ಬೀದಿಯ ಮನೆಗೆ ಮುಂಗಡ ಪಡೆದು, ಇನ್ನೆಂಟು ದಿನಕ್ಕೆ ಪಾಯ ತೆಗೆಯುವುದಾಗಿ ಹೇಳಿ ಬಂದಿರುತ್ತಾನೆ.